ಗಾಜಿನ ತಟ್ಟೆಯಲ್ಲಿದ್ದ ಕಂಡಕ್ಟರು

ನಾನು ನರಕೋಶಗಳನ್ನು ಸಾಕುತ್ತೇನೆ. ಸಾಕುವುದು ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಹೊತ್ತಿಗೆ ಸರಿಯಾಗಿ ಹಳೆಯ ದ್ರವ ತೆಗೆದು ಹೊಸದು ಹಾಕಬೇಕು, ಮೈಬಿಸಿಯಷ್ಟೇ ಬಿಸಿಯಲ್ಲಿ ಇಡಬೇಕು, ಹಬ್ಬವೆಂದು ರಜೆ ಹಾಕಿದರೆ ಅವು ಸಾಯುತ್ತವೆ. ಶಿಕಾರಿಪುರದಲ್ಲಿರುವ ನಮ್ಮಮ್ಮ ಇದನ್ನೆಲ್ಲ ಕೇಳಿ, "ಒಂದು ಎಮ್ಮೆ ಕಟ್ಟಿದ್ರೆ ಹಾಲಾದ್ರೂ ಕೊಡ್ತಿತ್ತು ನೋಡವ್ವ" ಅಂದಿದ್ದಳು. ಬೆಂಗಳೂರಿನ ಪ್ರಯೋಗಾಲಯದಲ್ಲಿ ನಮಗೆ ಹಾಲಿನ ಬದಲು ಸಿಗುವುದು ಪರದೆಯ ಮೇಲಿನ ಗೆರೆಗಳು. ಹೆಚ್ಚಿನ ದಿನ ಅದೂ ಇಲ್ಲ.

ಆ ಕಂಡಕ್ಟರರನ್ನು ಮೊದಲು ನೋಡಿದ್ದು ಶಿಕಾರಿಪುರದ ಒಂದು ಕ್ಲಿನಿಕ್‌ನಲ್ಲಿ. ನನ್ನ ಕೆಲಸದ ಬಗ್ಗೆ ಗೊತ್ತಿದ್ದ ಅಲ್ಲಿನ ವೈದ್ಯರು, ಊರಿಗೆ ಬಂದಾಗ ಒಬ್ಬರನ್ನು ನೋಡಿಕೊಂಡು ಹೋಗಿ ಎಂದಿದ್ದರು. ಶಿಕಾರಿಪುರದಿಂದ ಸೊರಬಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು, ಕುಪ್ಪಗಡ್ಡೆಯವರು. ನಡೆಯುವಾಗ ತೂರಾಡುತ್ತಿದ್ದರು, ನಾಲಿಗೆ ತೊದಲುತ್ತಿತ್ತು. ಬೆಳಿಗ್ಗೆಯೇ ಕುಡಿದು ಬರುತ್ತಾನೆ ಎಂದು ಪ್ರಯಾಣಿಕರು ದೂರು ಹೇಳಿ ಹೇಳಿ, ಕೊನೆಗೆ ಬಸ್ಸಿನ ಮಾಲೀಕರು ಕೆಲಸದಿಂದ ತೆಗೆದಿದ್ದರು. ಮನುಷ್ಯ ಹನಿ ಹೆಂಡ ಮುಟ್ಟಿದವರಲ್ಲ. ಅವರ ಅಪ್ಪ, ಅಜ್ಜ ಇಬ್ಬರೂ ಹೀಗೆಯೇ ತೂರಾಡಿ, ಮಾತು ಕಳೆದುಕೊಂಡು, ಹಾಸಿಗೆ ಹಿಡಿದು ಹೋದವರು.

ಕಿರುಮೆದುಳಿನ ನರಕೋಶಗಳು ಒಂದೊಂದಾಗಿ ಸಾಯುತ್ತಾ ಹೋಗುವ ಕಾಯಿಲೆ ಇದು. ಮನೆತನದಲ್ಲಿ ಇಳಿದು ಬರುತ್ತದೆ. ತಂದೆಗೋ ತಾಯಿಗೋ ಇದ್ದರೆ ಮಕ್ಕಳಿಗೆ ಬರುವುದೂ ಬಾರದಿರುವುದೂ ಅರ್ಧಕ್ಕರ್ಧ. ಇನ್ನೂ ಔಷಧಿ ಇಲ್ಲ. ವೈದ್ಯರು ಅವರನ್ನು ನೆಲದ ಟೈಲ್ಸಿನ ಗೆರೆ ಹಿಡಿದು, ಹಿಮ್ಮಡಿಗೆ ಹೆಬ್ಬೆರಳು ತಾಗಿಸಿ ನಡೆಯಲು ಹೇಳಿದರು. ಎರಡು ಹೆಜ್ಜೆ ಇಟ್ಟವರು ಗೋಡೆ ಹಿಡಿದು ನಕ್ಕರು.

"ಬಸ್ಸು ಓಡ್ತಿದ್ರೆ ನಾನು ನೆಟ್ಟಗೆ ನಿಂತಿರ್ತೀನಿ ಮೇಡಂ. ಬಸ್ಸು ನಿಂತ್ರೆ ನಾನೇ ಓಲಾಡ್ತೀನಿ" ಅಂದರು.

ಬದುಕಿರುವವರ ಮೆದುಳಿನಿಂದ ಚೂರು ತೆಗೆಯುವ ಹಾಗಿಲ್ಲ. ಅದಕ್ಕೆ ನಾವು ತೋಳಿನ ಚರ್ಮದಿಂದ ಕಡಲೆಬೇಳೆಗಿಂತ ಚಿಕ್ಕದೊಂದು ಚೂರು ತೆಗೆದುಕೊಳ್ಳುತ್ತೇವೆ. ಆ ಚರ್ಮದ ಕೋಶಗಳನ್ನು ಹಿಂದಕ್ಕೆ ನಡೆಸಿ, ತಾಯಿಯ ಹೊಟ್ಟೆಯಲ್ಲಿ ಮೊದಮೊದಲು ಹೇಗಿದ್ದವೋ ಆ ಮೂಲಕೋಶದ ಸ್ಥಿತಿಗೆ ತರುತ್ತೇವೆ. ಅಲ್ಲಿಂದ ನರಕೋಶಗಳಾಗಿ ಬೆಳೆಸುತ್ತೇವೆ. ಅವು ಆ ಮನುಷ್ಯನವೇ, ಅದೇ ಕಾಯಿಲೆಯ ಬೀಜ ಇರುವಂಥವು. ಕಾಯಿಲೆ ತಡೆಯಬಹುದೆಂದು ನಂಬಿರುವ ವಸ್ತುವನ್ನು ಅವುಗಳ ಮೇಲೆ ಹಾಕಿ ಪರೀಕ್ಷಿಸಬಹುದು. ಇಷ್ಟನ್ನು ನಾನು ನಮ್ಮ ಕಡೆಯ ಮಾತಿನಲ್ಲೇ ಬಿಡಿಸಿ ಹೇಳಿದೆ.

ಅವರು ಕೇಳಿದ್ದು ಒಂದೇ ಪ್ರಶ್ನೆ. "ನಂದು ಮುಗೀತು ಬಿಡಿ. ಮಗಳಿಗೆ ಉಪಯೋಗ ಆಗ್ತದಾ?"

"ಆಗಬಹುದು ಅಣ್ಣಾ. ಆಗೇ ಆಗ್ತದೆ ಅಂತ ನಾನು ಸುಳ್ಳು ಹೇಳಲ್ಲ."

"ಅಷ್ಟು ಸಾಕು, ತಗೊಳ್ರಿ" ಎಂದು ಅಂಗಿಯ ತೋಳು ಮಡಚಿದರು.

ಮೊದಲ ಚೂರು ಹಾಳಾಯಿತು. ನಾನು ಬಸ್ಸು ಹಿಡಿಯುವವರೆಗೆ ತಂಪಾದ ಜಾಗದಲ್ಲಿಡಿ ಎಂದು ಕ್ಲಿನಿಕ್‌ನ ಅಟೆಂಡರ್ ಕೈಗೆ ಸೀಸೆ ಕೊಟ್ಟಿದ್ದೆ. ಆತ ಪಾಪ, ನನಗೆ ಒಳ್ಳೆಯದಾಗಲೆಂದೇ, "ಕೆಡಬಾರದು ಅಂತ ಪಕ್ಕದ ಐಸ್‌ಕ್ರೀಂ ಅಂಗಡ್ಯಾಗ ಫ್ರೀಜರ್‌ನಾಗ ಇಟ್ಟಿದ್ದೆ ನೋಡ್ರಿ, ಕಲ್ಲಾಗೇತಿ" ಎಂದು ಹೆಮ್ಮೆಯಿಂದ ತಂದುಕೊಟ್ಟ. ಹಾಗೆ ಹೆಪ್ಪುಗಟ್ಟಿದರೆ ಕೋಶಗಳು ಒಡೆದುಹೋಗುತ್ತವೆ. ಕಂಡಕ್ಟರರು ಬೇಸರಿಸದೆ ಮತ್ತೊಮ್ಮೆ ತೋಳು ಕೊಟ್ಟರು. ಎರಡನೆಯದಕ್ಕೆ ಬೆಂಗಳೂರಿನಲ್ಲಿ ಬೂಷ್ಟು ಹಿಡಿಯಿತು. ಅದನ್ನು ಕಂಡ ಬೆಳಿಗ್ಗೆ ನನಗೆ ಬಂದ ಸಿಟ್ಟಿಗೆ ಪ್ರಯೋಗಾಲಯದಲ್ಲಿ ಯಾರೂ ನನ್ನ ಹತ್ತಿರ ಸುಳಿಯಲಿಲ್ಲ. ಮೂರನೆಯ ಸಲ ತೋಳು ಕೊಡಿ ಎಂದು ಕೇಳಲು ನಾಚಿಕೆಯಾಗಿ ಫೋನು ಕೈಯಲ್ಲೇ ಹಿಡಿದು ಕೂತಿದ್ದೆ. ಅವರೇ ಫೋನ್ ಮಾಡಿ, ಬರ್ತೀರೋ ನಾನೇ ಬರ್ಲೋ ಅಂದರು.

ಮೂರನೆಯದು ಬದುಕಿತು. ಚರ್ಮ ಹೋಗಿ ಮೂಲಕೋಶವಾಯಿತು, ಮೂಲಕೋಶ ನರಕೋಶವಾಯಿತು. ಸೂಕ್ಷ್ಮದರ್ಶಕದಲ್ಲಿ ಎಳೆ ಎಳೆಯಾಗಿ ಕೈಚಾಚಿ ಒಂದನ್ನೊಂದು ಹುಡುಕತೊಡಗಿದವು. ತಳದಲ್ಲಿ ಲೋಹದ ಸಣ್ಣ ಚುಕ್ಕೆಗಳಿರುವ ಗಾಜಿನ ತಟ್ಟೆಗೆ ಅವನ್ನು ದಾಟಿಸಿದೆ. ನರಕೋಶಗಳು ವಿದ್ಯುತ್ತಿನಲ್ಲಿ ಮಾತಾಡುತ್ತವೆ. ಮಾತಾಡಿದರೆ ಆ ಚುಕ್ಕೆಗಳಿಗೆ ತಿಳಿಯುತ್ತದೆ, ಕಂಪ್ಯೂಟರು ಅದನ್ನು ಗೆರೆಯಾಗಿ ತೋರಿಸುತ್ತದೆ, ಬೇಕಾದರೆ ಕೀರಲು ಸದ್ದಾಗಿ ಕೇಳಿಸುತ್ತದೆ. ಅವು ಮಾತಾಡಲು ಶುರುಮಾಡಿದ ಮೇಲೆಯೇ ಔಷಧಿಯ ಪರೀಕ್ಷೆ ಮಾಡಬೇಕು. ಮೂಕ ಕೋಶಗಳ ಮೇಲೆ ಏನು ಹಾಕಿದರೂ ಗುಣವಾಯಿತೋ ಇಲ್ಲವೋ ತಿಳಿಯುವುದು ಕಷ್ಟ.

ಅವು ಮಾತಾಡಲಿಲ್ಲ. ತಿಂಗಳುಗಟ್ಟಲೆ ಗೆರೆ ಮಲಗಿಯೇ ಇತ್ತು. ದ್ರವ ಬದಲಿಸಿದೆ, ತಟ್ಟೆ ಬದಲಿಸಿದೆ, ಬೇರೆಯವರ ಕೋಶಗಳನ್ನು ಪಕ್ಕದಲ್ಲೇ ಬೆಳೆಸಿ ನೋಡಿದೆ. ಬೇರೆಯವರವು ಚಟಪಟ ಎನ್ನುತ್ತಿದ್ದವು, ಇವರವು ಮಾತ್ರ ಇಲ್ಲ. ಕಂಡಕ್ಟರರು ವಾರಕ್ಕೊಮ್ಮೆ ಫೋನ್ ಮಾಡಿ, "ಏನಾದ್ರೂ ಅಂದ್ವೇನ್ರಿ?" ಎಂದು ಕೇಳುವರು. ಇಲ್ಲ ಅಣ್ಣಾ ಎಂದರೆ, "ನನ್ ಹಂಗೇ ಮೊಂಡು" ಎಂದು ನಗುವರು. ಪ್ರತಿ ಫೋನಿಗೂ ಅವರ ಮಾತು ಇನ್ನಷ್ಟು ತೊದಲಾಗಿರುತ್ತಿತ್ತು. ಕೊನೆಕೊನೆಗೆ ಮಗಳು ಪಕ್ಕದಲ್ಲಿ ನಿಂತು, ಅಪ್ಪ ಹೀಗೆ ಕೇಳ್ತಿದಾರೆ ಎಂದು ಬಿಡಿಸಿ ಹೇಳಬೇಕಾಯಿತು. ಅಲ್ಲಿ ಅವರ ತಲೆಯೊಳಗೆ ಕೋಶಗಳು ಸಾಯುತ್ತಿದ್ದವು. ಇಲ್ಲಿ ಅದೇ ಮನುಷ್ಯನ ಕೋಶಗಳು ಎಳೆಗೂಸಿನ ವಯಸ್ಸಿನಲ್ಲಿ ಕವಲೊಡೆಯುತ್ತಿದ್ದವು. ಲೆಕ್ಕ ಹಾಕಿದರೆ ಅವು ಅವರ ಮಗಳಿಗಿಂತ ಚಿಕ್ಕವು. ಈ ವಿಚಾರ ಬಂದ ದಿನ ನನಗೆ ಕೋಶಗಳನ್ನು ಬೆಚ್ಚಗಿಡುವ ಪೆಟ್ಟಿಗೆಯ ಬಾಗಿಲು ತೆಗೆಯಲು ಒಂಥರಾ ಮುಜುಗರವಾಯಿತು.

ಒಂದು ಬುಧವಾರ ಬೆಳಿಗ್ಗೆ ಅವು ಮಾತಾಡಿದವು. ಎಂದಿನಂತೆ ತಟ್ಟೆಯನ್ನು ಯಂತ್ರದ ಮೇಲಿಟ್ಟು, ಎಂದಿನಂತೆ ಏನೂ ಇರುವುದಿಲ್ಲವೆಂದುಕೊಂಡು ಕಾಫಿಗೆ ಏಳುತ್ತಿದ್ದೆ. ಬೇರೆಯವರ ಕೋಶಗಳ ಸದ್ದು ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ದಿಕ್ಕಿಲ್ಲದೆ ಇರುತ್ತದೆ. ಇದು ಹಾಗಿರಲಿಲ್ಲ. ಎರಡು ಚಿಕ್ಕ ಕೂಗು, ಒಂದು ಬಿಡುವು. ಮತ್ತೆ ಎರಡು ಕೂಗು, ಬಿಡುವು. ಪಕ್ಕದ ಮೇಜಿನಲ್ಲಿದ್ದ ಸಹೋದ್ಯೋಗಿ ಕಂಡಕ್ಟರರನ್ನು ಕಂಡವಳಲ್ಲ, ಅವರ ಉದ್ಯೋಗವೂ ಅವಳಿಗೆ ಗೊತ್ತಿಲ್ಲ. ಅವಳು ತಲೆಯೆತ್ತಿ, "ಇದೇನು, ಸೀಟಿ ಊದಿ ಬಸ್ಸಿಗೆ ರೈಟ್ ಹೇಳ್ತಿರೋ ಹಾಗಿದೆ" ಅಂದಳು.

ಒಟ್ಟಾಗಿ ಬೆಳೆದ ನರಕೋಶಗಳು ಒಂದು ಹಂತದಲ್ಲಿ ಹೀಗೆ ತಾಳ ಹಿಡಿಯುವುದು ಸಾಮಾನ್ಯ. ಅದು ನನಗೆ ಗೊತ್ತು, ಯಾರು ಕೇಳಿದರೂ ಹೇಳುತ್ತೇನೆ. ಆದರೂ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟೆ. ಆಮೇಲೆ ಸಂತೋಷ ಮೇಲಾಯಿತು. ಆ ಸದ್ದನ್ನು ಮೊಬೈಲಿನಲ್ಲಿ ಹಿಡಿದು ಕಂಡಕ್ಟರರ ವಾಟ್ಸಾಪಿಗೆ ಕಳಿಸಿ, ಹಿಂದೆಯೇ ಫೋನ್ ಮಾಡಿದೆ.

ಎತ್ತಿದ್ದು ಮಗಳು. "ಅಪ್ಪ ನಿನ್ನೆ ಸಂಜೆ ಹೋದ್ರು ಮೇಡಂ. ನೀರು ಕುಡಿಯೋವಾಗ ನೆತ್ತಿಗೇರ್ತು, ಆಮೇಲೆ ಉಸಿರೇ ತಿರುಗಲಿಲ್ಲ" ಎಂದಳು. ಹಿಂದೆಯೇ ದನಿ ತಗ್ಗಿಸಿ, "ಈಗ ಬಂತಲ್ಲ, ಅದೇನು? ಅಪ್ಪನ ಫೋನು ಅತ್ತೆ ಕೈಯಾಗಿತ್ತು. ಅವರು ಒತ್ತಿಬಿಟ್ರು. ಮನೆ ತುಂಬ ಕೇಳ್ತು" ಅಂದಳು.

ಮಂಗಳವಾರ ಬೆಳಿಗ್ಗೆ ನಾನೇ ನೋಡಿದ್ದೆ, ಗೆರೆ ಮಲಗಿತ್ತು. ಬುಧವಾರ ಬೆಳಿಗ್ಗೆ ಎದ್ದಿತ್ತು. ನಡುವೆ ಅವರು ಹೋಗಿದ್ದರು. ಪೆಟ್ಟಿಗೆಯ ಬಿಸಿ, ಗಾಳಿ, ದ್ರವ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸಿದೆ. ಹೊಸದೇನನ್ನೂ ನಾನು ಮಾಡಿರಲಿಲ್ಲ. ಬಲಿಯುವ ಕಾಲ ಬಂದಿತ್ತು, ಬಲಿತವು, ಅಷ್ಟೇ ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಆ ದಿನ ಸಂಜೆ ತಟ್ಟೆಯನ್ನು ಪೆಟ್ಟಿಗೆಗೆ ಮರಳಿಸಿ, ಬಾಗಿಲು ಮುಚ್ಚಿದೆಯೇ ಎಂದು ಎರಡು ಸಲ ನೋಡಿದೆ. ನನಗೆ ಹೆದರಿಕೆಯಾಗಿತ್ತು.

ಕೆಲವು ದಿನ ಬಿಟ್ಟು ಮಗಳು ಫೋನ್ ಮಾಡಿ, ಅಪ್ಪನ ಕಾರ್ಯಕ್ಕೆ ಬರಲೇಬೇಕೆಂದು ಅತ್ತೆ ಹೇಳಿದ್ದಾರೆ ಎಂದಳು. ಅತ್ತೆಯೆಂದರೆ ಕಂಡಕ್ಟರರ ಅಕ್ಕ. ಮಗಳು ಚಿಕ್ಕವಳಿದ್ದಾಗಲೇ ಕಂಡಕ್ಟರರ ಹೆಂಡತಿ ತೀರಿಕೊಂಡಿದ್ದರಿಂದ ಆ ಮನೆಯನ್ನೂ ಹುಡುಗಿಯನ್ನೂ ನೋಡಿಕೊಂಡವರು ಈ ಅಕ್ಕನೇ. ಔಷಧಿಯ ಪರೀಕ್ಷೆ ಶುರುಮಾಡಲು ಎಲ್ಲ ಸಿದ್ಧವಾಗಿತ್ತು. ತಟ್ಟೆಗಳನ್ನು ಸಹೋದ್ಯೋಗಿಗೆ ಒಪ್ಪಿಸಿ ಶಿಕಾರಿಪುರಕ್ಕೆ ಬಂದು, ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಅಲ್ಲಿಂದ ಆಟೋದಲ್ಲಿ ಕುಪ್ಪಗಡ್ಡೆ ಸೇರಿದೆ.

ಮನೆಯವರು ನನ್ನನ್ನು ಮರ್ಯಾದೆಯಿಂದಲೇ ಕೂರಿಸಿದರು. ಆದರೆ ಯಾರೂ ನನ್ನ ಪಕ್ಕದಲ್ಲಿ ಕೂರಲಿಲ್ಲ. ನೀರು ತಂದುಕೊಟ್ಟ ಹೆಂಗಸು ನನ್ನ ಕೈಯನ್ನು ನೋಡುತ್ತಿದ್ದಳು. ಅಡುಗೆಮನೆಯ ಬಾಗಿಲಲ್ಲಿ ಯಾರೋ, "ಇವ್ರ ಹತ್ರನೇ ಇರೋದಂತೆ" ಅಂದಿದ್ದು ಕೇಳಿತು.

ಮಧ್ಯಾಹ್ನ ಕಾಗೆಗೆ ಎಡೆ ಇಡಲು ಗದ್ದೆ ದಾಟಿ ಕೆರೆಯ ದಂಡೆಗೆ ಹೊರಟೆವು. ಸತ್ತವರಿಗೆ ಇಷ್ಟವಾದ ಅಡುಗೆಯನ್ನು ಬಾಳೆಲೆಯಲ್ಲಿ ಇಟ್ಟು ದೂರ ನಿಲ್ಲುವುದು, ಕಾಗೆ ಬಂದು ಮುಟ್ಟಿದರೆ ಅವರು ತೃಪ್ತರಾಗಿ ಹೊರಟರು ಎಂದು ತಿಳಿಯುವುದು. ಬದುವಿನ ಮೇಲೆ ಒಬ್ಬರ ಹಿಂದೆ ಒಬ್ಬರು ನಡೆಯಬೇಕಿತ್ತು. ನನ್ನ ಮುಂದೆ ಮಗಳು ನೀರಿನ ತಂಬಿಗೆ ಹಿಡಿದು ಹೋಗುತ್ತಿದ್ದಳು. ಸೊರಬದ ಒಂದು ಆನ್‌ಲೈನ್ ಸೆಂಟರಿನಲ್ಲಿ ರೈತರಿಗೆ ಪಹಣಿ ತೆಗೆದುಕೊಡುವ ಕೆಲಸ ಅವಳದು, ಚುರುಕು ಹುಡುಗಿ. ನಾನು ಸುಮ್ಮನೆ ಅವಳ ಪಾದ ನೋಡುತ್ತಾ ನಡೆದೆ. ಹೆಜ್ಜೆ ಅಗಲಿಸಿ ಇಡುತ್ತಿದ್ದಳು. ತಿರುವಿನಲ್ಲಿ ಒಂದು ಕಾಲು ಬದುವಿನ ಅಂಚು ತಪ್ಪಿತು. ಹಿಡಿಯಲು ಏನೂ ಇಲ್ಲದ ಕಡೆ ಅವಳ ಕೈ ಗಾಳಿಯನ್ನು ಹಿಡಿಯಿತು. ಬದು ಒಣಗಿತ್ತು, ಜಾರುವಂಥದ್ದು ಏನೂ ಇರಲಿಲ್ಲ. ಎಡೆಯ ಸುತ್ತ ನೀರು ಬಿಡುವಾಗ ತಂಬಿಗೆಯ ಬಾಯಿ ಎಲೆಯನ್ನು ದಾಟಿ ಹೋಗಿ ಮತ್ತೆ ಹಿಂದೆ ಬಂತು. ಬೇರೆಯವರಿಗೆ ಅದು ಅಳುವ ಹುಡುಗಿಯ ಕೈನಡುಕ. ನಾನು ಅದೇ ಕೈಯನ್ನು ಅವಳ ಅಪ್ಪನಲ್ಲಿ ನೋಡಿದ್ದೆ.

ಕಾಗೆಗಳಿದ್ದವು. ದಂಡೆಯ ಅತ್ತಿಮರದ ತುಂಬ ಕೂತಿದ್ದವು. ಒಂದೂ ಕೂಗಲಿಲ್ಲ, ಒಂದೂ ಇಳಿಯಲಿಲ್ಲ, ಎಲೆಯ ಕಡೆಗೇ ನೋಡುತ್ತಿದ್ದವು. ಗುಡವಿ ಪಕ್ಷಿಧಾಮದ ಕಡೆಯಿಂದ ಬಿಳಿ ಹಕ್ಕಿಗಳ ಸಾಲು ತಲೆಯ ಮೇಲೆ ಹಾದುಹೋಯಿತು. ಒಂದು ಬೆಳ್ಳಕ್ಕಿ ನೀರಿನಿಂದೆದ್ದು ಎಡೆಯ ಹತ್ತಿರ ಬಂತು, ಎಲೆಯನ್ನು ಸುತ್ತು ಹಾಕಿ, ಕಾಲು ತಾಗದಂತೆ ಎತ್ತಿಡುತ್ತಾ ಹೋಯಿತು. ಬಿಸಿಲು ಸರಿಯತೊಡಗಿತು. ಅಷ್ಟು ಜನ ನಿಂತಿದ್ದರೂ ಕೆರೆಯ ಮೇಲೆ ಸದ್ದೇ ಇರಲಿಲ್ಲ.

ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದರ್ಥ. ಅದೇನೆಂದು ಊಹಿಸಿ, ನಡೆಸಿಕೊಡುತ್ತೇವೆಂದು ಎಡೆಯ ಮುಂದೆ ಒಬ್ಬೊಬ್ಬರೇ ಮಾತು ಕೊಡುತ್ತಾರೆ. ಅಕ್ಕ ಮುಂದೆ ಬಂದು, "ನಿನ್ ಮಗಳನ್ನ ಒಳ್ಳೆ ಕಡೆ ಕೊಡ್ತೀನಿ ಕಣೋ, ನಾನಿದೀನಿ" ಅಂದರು. ಕಾಗೆ ಇಳಿಯಲಿಲ್ಲ. ಆಗ ಹಿಂದೆ ನಿಂತಿದ್ದ ಬಸ್ಸಿನ ಮಾಲೀಕರು ಚಪ್ಪಲಿ ಕಳಚಿ ಬಂದರು. ಅಂಬ್ಲಿಗೊಳದ ಕಡೆಯವರು, ದೊಡ್ಡ ಆಳು. ಕೈಮುಗಿದು, "ನೀ ಕುಡಿದಿರ್ಲಿಲ್ಲಪ್ಪ. ನಂದೇ ತಪ್ಪಾತು. ಸ್ಟ್ಯಾಂಡಿನ್ಯಾಗ ಎಲ್ಲಾರ ಮುಂದ ಹೇಳ್ತೀನಿ" ಎಂದರು. ಮುಗಿದ ಕೈ ಇಳಿಸದೆ ಅಲ್ಲೇ ನಿಂತುಬಿಟ್ಟರು. ಇದೇ ಇದ್ದೀತು ಎಂದು ಎಲ್ಲರೂ ಮರದ ಕಡೆ ನೋಡಿದೆವು, ನಾನೂ ನೋಡಿದೆ. ಕಾಗೆಗಳು ಹಾಗೇ ಕೂತಿದ್ದವು.

ಅಕ್ಕ ನನ್ನ ಕಡೆ ತಿರುಗಿದರು. "ಅದು ಸೀಟಿ ಊದೋಕೆ ಶುರು ಮಾಡಿದ್ದು ಯಾವತ್ತು, ಹೇಳ್ರಿ."

"ಸೀಟಿ ಅಲ್ಲ ಅಮ್ಮಾ ಅದು..."

"ಯಾವತ್ತು?"

ಮಂಗಳವಾರ ಬೆಳಿಗ್ಗೆ ಇರಲಿಲ್ಲ, ಬುಧವಾರ ಬೆಳಿಗ್ಗೆ ಇತ್ತು ಎಂದೆ. ಹೆಂಗಸರ ನಡುವೆ ಒಂದು ಉಸಿರೆಳೆತ ಕೇಳಿತು.

"ಅವನು ಎಲ್ಲೂ ಹೋಗಿಲ್ಲ. ಇಲ್ಲಿಂದ ಎದ್ದು ಅಲ್ಲಿಗೆ ಬಂದವನೆ. ನೀವು ಬಾಗಿಲು ಹಾಕ್ಕೊಂಡು ಇಟ್ಕಂಡೀರಿ" ಅಂದರು ಅಕ್ಕ. ಬೈಗುಳದ ದನಿಯಲ್ಲ, ಬೇಡುವ ದನಿ. "ಬಿಡ್ತೀನಿ ಅಂತ ಒಂದು ಮಾತು ಹೇಳು ಮಾರಾಯ್ತಿ. ಬದುಕಿದ್ದಾಗಂತೂ ನೆಟ್ಟಗೆ ನಡಿಯೋಕೆ ಆಗ್ಲಿಲ್ಲ. ಹೋಗೋದಾದ್ರೂ ನೆಟ್ಟಗೆ ಹೋಗ್ಲಿ."

ಬಿಡುತ್ತೇನೆ ಎಂದು ಹೇಳಿ ಬೆಂಗಳೂರಿಗೆ ಹೋಗಿ ನನ್ನ ಕೆಲಸ ಮುಂದುವರಿಸಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ನಿಜವಾಗಿ ಬಿಡುವುದೂ ಕಷ್ಟವಲ್ಲ. ತಟ್ಟೆಗಳನ್ನು ಪೆಟ್ಟಿಗೆಯಿಂದ ಹೊರಗಿಟ್ಟು, ಒಡೆಯದಂತೆ ರಕ್ಷಕ ದ್ರವ ಬೆರೆಸಿ ಶೀತದಲ್ಲಿ ಕಾಪಿಟ್ಟ ಕೋಶಗಳ ಸೀಸೆಗಳನ್ನು ಮೇಜಿನ ಮೇಲೆ ಮರೆತರೆ ಸಾಕು. ಆ ಹೆಂಗಸಿನ ಮುಖ ನೋಡಿದಾಗ, ಹಾಗೆ ಮಾಡಿಬಿಡೋಣ ಎಂದು ಒಂದು ಕ್ಷಣ ನಿಜಕ್ಕೂ ಅನ್ನಿಸಿತು. ಆದರೆ ಅವರ ಪಕ್ಕದಲ್ಲಿ ಹುಡುಗಿ ತಂಬಿಗೆಯನ್ನು ಎರಡೂ ಕೈಯಲ್ಲಿ ಎದೆಗೊತ್ತಿ ಹಿಡಿದು ನಿಂತಿದ್ದಳು. ಆ ತಟ್ಟೆಗಳು ಹೋದರೆ ಈ ಮನೆತನದ ಕಾಯಿಲೆಯ ಬಗ್ಗೆ ನನ್ನ ಕೈಯಲ್ಲಿ ಬೇರೇನೂ ಉಳಿಯುತ್ತಿರಲಿಲ್ಲ. ಮತ್ತೆ ಮೊದಲಿನಿಂದ ಶುರುಮಾಡುವಷ್ಟು ಕಾಲ ಅವಳ ಬಳಿ ಇದೆಯೋ ಇಲ್ಲವೋ ನನಗೆ ಗೊತ್ತಿರಲಿಲ್ಲ.

ಚಪ್ಪಲಿ ಬಿಟ್ಟು ಎಡೆಯ ಮುಂದೆ ಹೋಗಿ ನಿಂತೆ. ಗಾಜಿನ ಸಾಮಾನುಗಳ ನಡುವೆ ಬದುಕು ಕಳೆದ ನಾನು ಅನ್ನದುಂಡೆಯ ಜೊತೆ ಮಾತಾಡಬೇಕಾಗಿತ್ತು.

"ಅಣ್ಣಾ, ನಾನು ನಿಮ್ಮನ್ನ ಈಗ ಬಿಡಲ್ಲ" ಎಂದೆ. ನನ್ನ ದನಿ ನನಗೇ ಅಪರಿಚಿತವಾಗಿತ್ತು. "ನಿಮ್ಮಿಂದ ಇನ್ನೊಬ್ಬರಿಗೆ ಆಗಬೇಕಾದ ಕೆಲಸ ಇದೆ. ಅದಕ್ಕೇ ಅಂತ ನೀವು ಕೊಟ್ಟಿದ್ದು. ಅದು ಮುಗಿಯೋ ತನಕ ಇರ್ರಿ. ಮುಗಿದ ಮೇಲೆ ನಾನೇ, ನನ್ನ ಕೈಯಾರೆ ಕಳಿಸಿಕೊಡ್ತೀನಿ."

ಯಾರೋ ಥೂ ಎಂದರು. ಜನ ನನ್ನಿಂದ ದೂರ ಸರಿದರು. ನಾನೂ ತಲೆ ತಗ್ಗಿಸಿ ಹಿಂದೆ ಸರಿದೆ. ಬೆನ್ನ ಹಿಂದೆ ರೆಕ್ಕೆಯ ಸದ್ದಾಯಿತು. ತಿರುಗಿದಾಗ ಒಂದು ಕಾಗೆ ಎಲೆಯ ಮೇಲಿತ್ತು. ಮರುಗಳಿಗೆಯಲ್ಲಿ ಮರವೇ ಬರಿದಾಯಿತು, ಎಲೆ ಕಾಣದಷ್ಟು ಕಪ್ಪಾಯಿತು. ಆಗಲೂ ಅವು ಕೂಗಲಿಲ್ಲ, ಕೊಕ್ಕಿನ ಸದ್ದು ಮಾತ್ರ ಕೇಳುತ್ತಿತ್ತು. ಜನ ದೂರ ಸರಿದದ್ದರಿಂದ ಅವು ಇಳಿದವು ಎಂದು ನಾನು ಇವತ್ತಿಗೂ ನಂಬುತ್ತೇನೆ. ಆದರೆ ಆ ಹೊತ್ತಿನಲ್ಲಿ ನನ್ನ ಮೈಮೇಲಿನ ಕೂದಲು ನೆಟ್ಟಗಾಗಿದ್ದವು.

ಜನ ಸಮಾಧಾನದಿಂದ ಮನೆಯ ಕಡೆ ತಿರುಗಿದರು. ಅಕ್ಕ ತಿರುಗಲಿಲ್ಲ. ಕಾಗೆಗಳನ್ನೇ ನೋಡುತ್ತಾ, "ಇನ್ನೊಬ್ಬರಿಗೆ ಅಂದ್ರಲ್ಲ. ಯಾರಿಗೆ?" ಅಂದರು.

ಅದನ್ನು ಹೇಳುವ ಹಕ್ಕು ನನಗಿರಲಿಲ್ಲ. ಅವರು ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ, ಖಾಲಿ ತಂಬಿಗೆಯೊಂದಿಗೆ ಪಕ್ಕದಲ್ಲೇ ನಿಂತಿದ್ದ ಹುಡುಗಿಯ ಕೈ ನೋಡಿದರು, ಅವಳ ಅಗಲಿಸಿಟ್ಟ ಪಾದ ನೋಡಿದರು. ಅಪ್ಪನನ್ನು, ಅಜ್ಜನನ್ನು, ತಮ್ಮನನ್ನು ನೋಡಿಕೊಂಡ ಕಣ್ಣು ಅದು, ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ. ಕೂರಲು ಜಾಗ ಹುಡುಕುವವರ ಹಾಗೆ ನೆಲವನ್ನು ತಡವಿ ಕುಕ್ಕರಿಸಿದರು.

"ಗೊತ್ತದೆ ಅತ್ತೆ" ಅಂದಳು ಹುಡುಗಿ. "ಯುಗಾದಿಯಿಂದಾನೇ ಗೊತ್ತದೆ. ಕೀಬೋರ್ಡಿನಾಗೆ ಒಂದು ಒತ್ತಿದ್ರೆ ಪಕ್ಕದ್ದು ಬೀಳ್ತದೆ." ನನ್ನ ಕಡೆ ತಿರುಗಿ ಎಡಗೈ ಮುಂದೆ ಮಾಡಿದಳು. "ನಂದೂ ತಗೊಳ್ರಿ ಮೇಡಂ. ಎಡಗೈಯಿಂದ ತಗೊಳ್ರಿ, ಬಲಗೈ ಇನ್ನೂ ಕೆಲಸಕ್ಕೆ ಬೇಕು."

ನನಗೆ ಅಳು ತಡೆಯಲಾಗಲಿಲ್ಲ. ಅಕ್ಕ ಅಳಲಿಲ್ಲ. ಹುಡುಗಿ ಚಾಚಿದ ಕೈಯನ್ನು ಹಿಡಿದುಕೊಂಡು ಕೇಳಿದರು.

"ಇವಳದನ್ನೂ ಅಲ್ಲೇ ಇಡೋದಾ?"

"ಹೌದಮ್ಮಾ."

"ಹಂಗಾದ್ರೆ ಅವನನ್ನ ಬಿಡಬ್ಯಾಡ್ರಿ. ಇವಳದು ಅಲ್ಲಿರೋ ತನಕ ಬಿಡಬ್ಯಾಡ್ರಿ. ಅವನ ಪಕ್ಕದಾಗೇ ಇಡ್ರಿ."

ಹೋಲಿಸಿ ನೋಡಬೇಕಾದ ಕೋಶಗಳನ್ನು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಹಲಗೆಯ ಮೇಲೆ ಇಡುವುದು ನಮ್ಮ ಕೆಲಸದ ಮೊದಲ ನಿಯಮ. ಪಕ್ಕದಲ್ಲೇ ಇಡುತ್ತೇನೆ ಎಂದೆ.